ಪ್ಯಾಕಿಂಗ್ ಹಲಗೆ ತರೋಕ್ ಹೋಗಿ ಸಿಕ್ಕಿದ ಮಾವು

ಹನ್ನೊಂದು ವರ್ಷದಿಂದ ಮೈಸೂರಲ್ಲಿ ಫರ್ನಿಚರ್ ಕೆಲಸ ನಂದು. ಬಾಡಿಗೆ ಶೆಡ್ಡು, ಇಬ್ರು ಹುಡುಗ್ರು, ಹಲಗೆ ಹೆರೆಯೋ ಒಂದು ಹಳೇ ಪ್ಲೇನರ್ ಮಷೀನು. ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ಗೆ ಒಂದು ಡೈನಿಂಗ್ ಟೇಬಲ್ ಲಾರೀಲಿ ಹುಬ್ಬಳ್ಳಿಗೆ ಕಳಿಸ್ಬೇಕಿತ್ತು, ಅದರ ಸುತ್ತ ಹೊಡೆಯೋಕೆ ಅಗ್ಗದ ಹಲಗೆ ಬೇಕು ಅಂತ ಸಾಮಿಲ್‌ಗೆ ಹೋದೆ. ತೇಗ, ಹೊನ್ನೆ ಎಲ್ಲಾ ಒಳಗೆ ನೆರಳಲ್ಲಿ ನಿಲ್ಸಿರ್ತಾರೆ, ಮಾವು, ಸಿಲ್ವರ್ ಓಕು ಆಚೆ ಬಿಸ್ಲಲ್ಲಿ ಬಿದ್ದಿರುತ್ತೆ. ಮಾವು ಅಂದ್ರೆ ನಮ್ ಕಡೆ ಕಾಂಕ್ರೀಟ್ ಹಾಕೋವಾಗ ಅಚ್ಚು ಕಟ್ಟೋ ಸೆಂಟ್ರಿಂಗ್‌ಗೆ, ಪ್ಯಾಕಿಂಗ್ ಬಾಕ್ಸ್‌ಗೆ. ಅಷ್ಟೇ ಅದರ ಮರ್ಯಾದೆ.

ರಾಶಿಯಿಂದ ಐದಾರು ಎಳೆದಿಟ್ಟಿದ್ದೆ, ಒಂದರ ಮೇಲೆ ಅಡ್ಡಡ್ಡ ಪಟ್ಟೆ ಕಂಡಂಗಾಯ್ತು. ಗರಗಸದ ಗುರುತಿರ್ಬೇಕು ಅಂತ ಸುಮ್ನಾದೆ. ಆದ್ರೆ ಗರಗಸದ ಗೆರೆ ಒಂದೇ ಸಮ ಅಂತರದಲ್ಲಿ ಹೋಗುತ್ತೆ, ಹಲಗೆ ಹೆಂಗ್ ತಿರುಗಿಸಿದ್ರೂ ಗೆರೆ ಗೆರೇನೇ. ಇದು ಹಂಗಲ್ಲ, ಓರೆ ಮಾಡಿ ಬೆಳಕಿಗೆ ಹಿಡಿದ್ರೆ ಕಪ್ಪಗಿದ್ದ ಪಟ್ಟೆ ಬೆಳ್ಳಗಾಗೋದು, ಬೆಳ್ಳಗಿದ್ದದ್ದು ಕಪ್ಪಗಾಗೋದು. ಬಾಟ್ಲಿ ನೀರು ಸ್ವಲ್ಪ ಚೆಲ್ಲಿ ಅಂಗೈಲಿ ಸವರ್ದೆ ನೋಡಿ, ಈ ತುದಿಯಿಂದ ಆ ತುದಿವರ್ಗೂ ಅಲೆ, ಕೆರೆ ನೀರಿನ ಮೇಲೆ ಸಣ್ಣ ಗಾಳಿ ಬೀಸಿದಂಗೆ. ಒಂದು ಅಂಚಲ್ಲಿ ಬೂಷ್ಟು ಹತ್ತಿ ಆಗೋ ಕರೀ ಗೆರೆ ಬೇರೆ, ಪೆನ್ನಲ್ಲಿ ಬರೆದಂಗಿತ್ತು.

ಮರದ ನಾರು ನೆಟ್ಟಗೆ ಬೆಳೆಯೋ ಬದ್ಲು ಅಲೆ ಅಲೆಯಾಗಿ ಬೆಳೆದಿದ್ರೆ ಹಿಂಗಾಗುತ್ತೆ. ಕೊಯ್ದಾಗ ಒಂದು ಕಡೆ ನಾರು ಮಲಗಿರುತ್ತೆ, ಪಕ್ಕದಲ್ಲೇ ಅದರ ತುದಿ ಮೇಲಕ್ಕೆ ಬಂದಿರುತ್ತೆ. ಮಲಗಿದ್ದು ಹೊಳೆಯುತ್ತೆ, ತುದಿ ಬೆಳಕು ನುಂಗುತ್ತೆ.

7 ಅಡಿ ಉದ್ದ, 11 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಗುಣಿಸಿ 144ರಿಂದ ಭಾಗಿಸಿದ್ರೆ 0.8 ಸಿಎಫ್‌ಟಿ, ಅಂದ್ರೆ ಘನ ಅಡಿ, ಮಾವಿನ ರೇಟಲ್ಲಿ ಇಬ್ರು ಬಿರಿಯಾನಿ ತಿನ್ನೋ ದುಡ್ಡು. ಸಾಮಿಲ್ ಸಾಹುಕಾರ್ರ ಕಣ್ಣಿಗೆ ಬಿದ್ರೆ ರೇಟ್ ಏರಿಸ್ತಾರೆ ಅಂತ ಒದ್ದೆ ಮುಖ ಕೆಳಗ್ ಮಾಡಿ ಬೇರೆ ಹಲಗೆ ಮಧ್ಯ ಸೇರಿಸಿ, ಮುಖ ಗಂಟಾಕ್ಕೊಂಡು ಹತ್ರುಪಾಯಿಗೆ ಚೌಕಾಸಿ ಬೇರೆ ಮಾಡಿ, ಗೂಡ್ಸ್ ಆಟೋ ಹತ್ತಿಸ್ಬಿಟ್ಟೆ. ಭಾರೀ ಬುದ್ಧಿವಂತ ಅಂದ್ಕೊಂಡಿದ್ದೆ.

ನಾಲ್ಕು ದಿನ ಆದ್ಮೇಲೆ ನಮ್ಮ ಬೀದೀಲಿರೋ ಇನ್ಲೇ ಕೆಲಸದ ಯಜಮಾನ್ರು ಟೀ ಕುಡಿಯೋಕೆ ಬಂದ್ರು. ಬೀಟೆ ಹಲಗೇಲಿ ಗುಳಿ ತೆಗೆದು ಬೇರೆ ಬೇರೆ ಮರದ ಚೂರು ಕೂರಿಸೋರು ಅವ್ರು, ಬಣ್ಣ ಬಳಿಯಲ್ಲ, ಆಕಾಶಕ್ಕೆ ಒಂದು ಮರ, ನೀರಿಗೆ ಒಂದು ಮರ. ಹಲಗೆ ನೋಡಿ ಹೊಗಳ್ತಾರೆ ಅಂತ ಕಾಯ್ತಿದ್ದೆ. ಅವ್ರು ಕೇಳಿದ್ದು ಒಂದೇ. "ಇದರ ಜೊತೇದೆಲ್ಲಪ್ಪಾ?"

ನಂಗೆ ಹೊಳೆದೇ ಇರ್ಲಿಲ್ಲ. ದಿಮ್ಮಿ ಕೊಯ್ದ ಮೇಲೆ ಹಲಗೆ ಹೆಚ್ಚೂಕಮ್ಮಿ ಅದೇ ಸಾಲಲ್ಲಿ ರಾಶಿ ಬೀಳುತ್ತೆ, ಒಂದರಲ್ಲಿ ಅಲೆ ಇದ್ರೆ ಪಕ್ಕದ್ದರಲ್ಲೂ ಇರೋ ಚಾನ್ಸ್ ಜಾಸ್ತಿ, ಗಂಟು ಎಲ್ಲಿದೆ, ತುದೀಲಿ ಉಂಗುರ ಹೆಂಗಿದೆ ಅಂತ ಹೋಲಿಸಿ ನೋಡಿದ್ರೆ ಅಕ್ಕತಂಗೀರು ಸಿಗ್ತಾರೆ. ಕದ್ದ ಮಾಲು ಥರ ಮುಚ್ಕೊಂಡು ಓಡಿ ಬಂದೋನಿಗೆ ಅದೆಲ್ಲಿ ನೋಡೋ ಪುರ್ಸೊತ್ತು?

ಆವತ್ತೇ ಸಾಯಂಕಾಲ ಹೋದೆ. ರಾಶಿ ಖಾಲಿ. ಸಾಹುಕಾರ್ರಿಗೆ ನಿಜ ಹೇಳ್ದೆ, ಅವ್ರು ನಕ್ಕು, "ಮೊದ್ಲೇ ಹೇಳಿದ್ರೆ ಎತ್ತಿಡ್ತಿದ್ದೆ, ನಂಗೆ ಮಾವು ಮಾವೇ" ಅಂದ್ರು. ಸೆಂಟ್ರಿಂಗ್‌ನೋರು ತಗೊಂಡೋಗಿದ್ರು. ಅಡ್ರೆಸ್ ಇಸ್ಕೊಂಡು ಸೈಟಿಗೆ ಹೋದ್ರೆ ಮೇಸ್ತ್ರಿ ನನ್ನನ್ನ ಹುಚ್ಚನ್ನ ನೋಡ್ದಂಗೆ ನೋಡಿ, "ಕಾಂಕ್ರೀಟ್ ಹಾಕಾಯ್ತು ಸಾರ್, ನಿಮ್ ಹಲ್ಗೆಗೋಸ್ಕರ ಬೀಮ್ ಬಿಚ್ಚಕಾಯ್ತದಾ?" ಅಂದ.

ಇತ್ತ ಇದ್ದ ಒಂದನ್ನ ಒಣಗ್ಲಿ ಅಂತ ಅಡಿಗೆ ಮರದ ಪಟ್ಟಿ ಕೊಟ್ಟು ಶೆಡ್ಡಲ್ಲಿ ಮಲಗಿಸಿ, ವಾರಕ್ಕೊಂದ್ಸಲ ತೂಕ ಹಾಕ್ತಾ, ತೂಕ ಇಳಿಯೋದು ನಿಂತ್ಮೇಲೆ ಪ್ಲೇನರ್‌ಗೆ ಕೊಟ್ಟೆ. ಮೊದಲನೇ ಪಾಸಲ್ಲೇ ಚಕ್ಕೆ ಚಕ್ಕೆ ಕಿತ್ತು ಬಂತು, ಅಲೆ ಎದ್ದಿರೋ ಕಡೆಯೆಲ್ಲಾ ಬ್ಲೇಡು ನಾರಿಗೆ ಎದುರಾಗುತ್ತಲ್ಲ. ಅಲ್ಲಿಗೇ ನಿಲ್ಸಿ, ಕೈಲಿ ಹೆರೆಯೋ ತೋಪಡದ ಬ್ಲೇಡ್ ಹೊಸದಾಗಿ ಮಸೆದು ಸಿಗರೇಟ್ ಪೇಪರ್‌ನಷ್ಟು ತೆಳ್ಳಗೆ ತೆಗೆದು, ಉಳಿದದ್ದು ಸ್ಕ್ರೇಪರಲ್ಲಿ ಕೆರೆದು, 220ರ ಸ್ಯಾಂಡ್ ಪೇಪರ್ ಹೊಡೆದೆ. ಎರಡು ದಿನ ಹಿಡೀತು. ಒಂದು ಟೀಪಾಯ್ ಆಯ್ತು, ಜೊತೆ ಹಲಗೆ ಇದ್ದಿದ್ರೆ ಬೀರುವಿನ ಎರಡು ಬಾಗ್ಲು ಆಗೋದು.

ಸೆಂಟ್ರಿಂಗ್ ಬಿಚ್ಚಿದ್ ದಿನ ಮೇಸ್ತ್ರೀನೇ ಫೋನ್ ಮಾಡ್ದ. ಸಿಮೆಂಟ್ ಮೆತ್ಕೊಂಡಿದ್ದ ಗುಡ್ಡೇಲಿ ನೀರು ಹಾಕಿ ಹಾಕಿ ತಿಕ್ಕಿ ಜೊತೇದೊಂದು ಹುಡುಕ್ದೆ, ಬದ್ಲಿಗೆ ಹೊಸದೊಂದು ಕೊಟ್ಟೆ. ಉದ್ದಕ್ಕೂ ಮೊಳೆ ತೂತು, ತುಕ್ಕಿನ ಕಲೆ, ಫರ್ನಿಚರ್‌ಗೆ ಆಗಲ್ಲ ಅಂತ ಯಜಮಾನ್ರಿಗೆ ತೋರಿಸ್ದೆ. ಅವ್ರು ತುಕ್ಕು ಹಿಡಿದಿದ್ದ ಕಡೇನೇ ಪೆನ್ಸಿಲಲ್ಲಿ ಗುರುತು ಹಾಕಿ, "ಇಷ್ಟು ನಂಗ್ ಕೊಡು, ಮಳೆ ಮೋಡ ಆಯ್ತು" ಅಂದ್ರು.