ನಾಯಗಾಂವಿನಿಂದ ಪುಣೆಗೆ, ಸಾವಿತ್ರಿಬಾಯಿಯವರ ದಾರಿಯಲ್ಲಿ

ಬೆಳಗಾವಿ ಕಡೆಯಿಂದ ಪುಣೆಗೆ ಹೋಗುವವರಿಗೆ ಸಾತಾರಾ ಮತ್ತು ಖಂಬಾಟ್ಕಿ ಘಾಟ್ ದಾಟಿದ ಮೇಲೆ ಶಿರವಳ ಸಿಗುತ್ತದೆ. ಪುಣೆ ಹತ್ತಿರ ಬಂತು ಅಂತ ಹೆಚ್ಚಿನವರು ಅಲ್ಲಿ ಗಾಡಿ ನಿಲ್ಲಿಸುವುದಿಲ್ಲ. ನಾವು ಹೆದ್ದಾರಿ ಬಿಟ್ಟು ನಾಯಗಾಂವ್ ಕಡೆಗೆ ತಿರುಗಿದೆವು. ಜೊತೆಗೆ ನನ್ನ ಅಕ್ಕ ಇದ್ದಳು. ವರ್ಷಗಟ್ಟಲೆ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಅಕ್ಷರ ಕಲಿಸಿ ನಿವೃತ್ತಳಾದವಳು. ಸಾವಿತ್ರಿಬಾಯಿ ಫುಲೆ ಹುಟ್ಟಿದ ಮನೆ ನೋಡಬೇಕು ಅನ್ನುವುದು ಅವಳ ಬಹಳ ದಿನದ ಆಸೆ.

ಅವರು ಹುಟ್ಟಿದ್ದು 1831ರ ಜನವರಿ 3ರಂದು. ತಂದೆ ಖಂಡೋಜಿ ನೇವಸೆ ಊರಿನ ಪಾಟೀಲರು. ಹಳೆಯ ಮನೆಯನ್ನು ದುರಸ್ತಿ ಮಾಡಿ ಸ್ಮಾರಕವಾಗಿ ಉಳಿಸಿದ್ದಾರೆ. ಅಡುಗೆಮನೆ, ಕಾಳು ತುಂಬಿಡುವ ಜಾಗ, ಅವರ ಬದುಕಿನ ಘಟನೆಗಳ ಚಿತ್ರಗಳು ಇವೆ. ಶಿರವಳದ ಸಂತೆಯಲ್ಲಿ ಪಾದ್ರಿಯೊಬ್ಬರು ಪುಟ್ಟ ಸಾವಿತ್ರಿಗೆ ಪುಸ್ತಕ ಕೊಟ್ಟರು, ಓದಲು ಬರದ ಹುಡುಗಿ ಅದನ್ನು ಗಂಡನ ಮನೆಗೂ ಒಯ್ದಳು ಅಂತ ಕಥೆ ಹೇಳುತ್ತಾರೆ. ಮದುವೆಯಾಗಿದ್ದು 1840ರಲ್ಲಿ. ಆಕೆಗೆ ಒಂಬತ್ತು, ಜ್ಯೋತಿರಾವ್‌ಗೆ ಹದಿಮೂರು. ಅಕ್ಷರ ಕಲಿಸಿದ್ದು ಗಂಡನೇ. ಆಮೇಲೆ ಅಹಮದ್‌ನಗರದಲ್ಲೂ ಪುಣೆಯಲ್ಲೂ ಶಿಕ್ಷಕಿಯ ತರಬೇತಿ ಪಡೆದರು.

ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ನನಗೆ ಈ ಮನೆಯಲ್ಲಿ ನಿಂತಾಗ ನೆನಪಾಗಿದ್ದು ಒಂದು ಪತ್ರ. 1856ರ ಅಕ್ಟೋಬರ್‌ನಲ್ಲಿ ಸಾವಿತ್ರಿಬಾಯಿ ಕಾಯಿಲೆ ಬಿದ್ದು ತವರಿಗೆ ಬಂದಿದ್ದರು. ಸಹೋದರ ಹಗಲೂ ರಾತ್ರಿ ಆರೈಕೆ ಮಾಡಿದ. ಅದರ ಮಧ್ಯೆಯೇ ಒಂದು ದಿನ ಅವರನ್ನು ಬೈದೂಬಿಟ್ಟ. ನೀನೂ ನಿನ್ನ ಗಂಡನೂ ಮಹಾರ್, ಮಾಂಗ್ ಅನ್ನುವ ಅಸ್ಪೃಶ್ಯ ಜಾತಿಗಳ ಜನರಿಗಾಗಿ ಕೆಲಸ ಮಾಡಿ ಮನೆತನದ ಮಾನ ಕಳೆದಿರಿ, ಜಾತಿಯ ರೀತಿಯಂತೆ ನಡೆಯಿರಿ ಅಂದ. ತಾಯಿ ಕೇಳಿ ನೊಂದುಕೊಂಡರು. ಸಾವಿತ್ರಿಬಾಯಿ ಉತ್ತರ ಕೊಟ್ಟರು. ಹಸುವನ್ನು ಮುದ್ದಿಸುತ್ತೀಯ, ನಾಗರ ಪಂಚಮಿಗೆ ಹಾವಿಗೆ ಹಾಲೆರೆಯುತ್ತೀಯ, ನಿನ್ನಂಥದೇ ಮನುಷ್ಯರನ್ನು ಮುಟ್ಟಲು ಯಾಕೆ ಹಿಂಜರಿಯುತ್ತೀಯ ಅಂತ ಕೇಳಿದರು. ಸಹೋದರನ ಮುಖ ಕೆಂಪಾಯಿತಂತೆ. ಇದೆಲ್ಲವನ್ನೂ ಜ್ಯೋತಿರಾವ್‌ಗೆ ಬರೆದು, ಶಾಲೆಯ ವಿಚಾರಕ್ಕೆ ಬರುತ್ತಾರೆ. ನಾನಿಲ್ಲದೆ ಫಾತಿಮಾಗೆ ಬಹಳ ಕಷ್ಟವಾಗಿರುತ್ತದೆ, ಆದರೂ ಅವಳು ಗೊಣಗುವವಳಲ್ಲ ಅನ್ನುತ್ತಾರೆ.

ಅಕ್ಕ ಆ ಸಾಲನ್ನು ಮತ್ತೆ ಹೇಳು ಅಂದಳು. ರಜೆ ಹಾಕಿ ಮಲಗಿದ ಮೇಡಂಗೆ ತನ್ನ ಕ್ಲಾಸನ್ನು ಯಾರು ನೋಡಿಕೊಳ್ಳುತ್ತಿದ್ದಾರೋ ಅನ್ನುವ ಚಿಂತೆ ಇರುತ್ತದೆ, ಅದು ಮೇಷ್ಟ್ರುಗಳಿಗೇ ಗೊತ್ತು ಅಂದಳು. ಫೋಟೊದಲ್ಲಿ ಹೂಮಾಲೆಯೊಳಗೆ ಕೂತ ಸಾವಿತ್ರಿಬಾಯಿಗಿಂತ ಈ ಸಾವಿತ್ರಿಬಾಯಿ ನಮಗೆ ಜಾಸ್ತಿ ಹತ್ತಿರವಾದರು.

ಫಾತಿಮಾ ಅಂದರೆ ಫಾತಿಮಾ ಶೇಖ್. ಹೆಣ್ಣುಮಕ್ಕಳಿಗೂ ದಲಿತರಿಗೂ ಪಾಠ ಹೇಳುವುದನ್ನು ಬಿಡದಿದ್ದಕ್ಕೆ 1849ರಲ್ಲಿ ಜ್ಯೋತಿರಾವ್ ಅವರ ತಂದೆ ಮಗ-ಸೊಸೆಯನ್ನು ಮನೆಬಿಟ್ಟು ಹೋಗಲು ಹೇಳಿದರು. ಆಗ ಇವರಿಗೆ ಜಾಗ ಕೊಟ್ಟವರು ಉಸ್ಮಾನ್ ಶೇಖ್. ಆ ಮನೆಯ ಫಾತಿಮಾ ಸಾವಿತ್ರಿಬಾಯಿಯ ಜೊತೆ ಶಿಕ್ಷಕಿಯಾದರು.

ನಾಯಗಾಂವ್‌ನಿಂದ ಪುಣೆಗೆ ಬಂದು ಮೊದಲು ಹೋಗಿದ್ದು ಬುಧವಾರ ಪೇಟೆಯ ಭಿಡೆ ವಾಡೆಯ ಜಾಗಕ್ಕೆ. ವಾಡೆ ಅಂದರೆ ಹಳೆಯ ಕಾಲದ ದೊಡ್ಡ ಮನೆ. ದಗಡೂಶೇಠ್ ಗಣಪತಿ ಗುಡಿಯ ಹತ್ತಿರವೇ ಅದು. ಗುಡಿಯ ಮುಂದೆ ಜನವೋ ಜನ, ಇತ್ತ ನೋಡುವವರು ಕಡಿಮೆ. 1848ರಲ್ಲಿ ಇಲ್ಲಿಯೇ ಹೆಣ್ಣುಮಕ್ಕಳ ಶಾಲೆ ಶುರುವಾಗಿತ್ತು. ಸಾವಿತ್ರಿಬಾಯಿಗೆ ಆಗ ಹದಿನೇಳು. ವಿರೋಧಿಗಳು ದಾರಿಯಲ್ಲಿ ಅವರ ಮೇಲೆ ಸಗಣಿ, ಕೆಸರು ಎಸೆಯುತ್ತಿದ್ದರು. ಅದಕ್ಕೇ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು, ಶಾಲೆಗೆ ಬಂದು ಬದಲಾಯಿಸಿ ಪಾಠಕ್ಕೆ ನಿಲ್ಲುತ್ತಿದ್ದರು. 1851ರ ಹೊತ್ತಿಗೆ ದಂಪತಿಯ ಮೂರು ಶಾಲೆಗಳಲ್ಲಿ ಸುಮಾರು 150 ಹುಡುಗಿಯರು ಓದುತ್ತಿದ್ದರು. ಮಕ್ಕಳು ನಡುವೆ ಶಾಲೆ ಬಿಡದಿರಲಿ ಅಂತ ಕೈಗೆ ಸ್ವಲ್ಪ ಹಣವನ್ನೂ ಕೊಡುತ್ತಿದ್ದರು. ಗೈರುಹಾಜರಾದ ಮಕ್ಕಳ ಮನೆಬಾಗಿಲಿಗೆ ಅಲೆದ ನನ್ನ ಅಕ್ಕನಿಗೆ ಸೀರೆಯ ಕಥೆಗಿಂತ ಇದು ದೊಡ್ಡದು ಅನ್ನಿಸಿತು. ನನಗೂ ಹಾಗೇ ಅನ್ನಿಸುತ್ತದೆ. ಕೆಸರನ್ನು ಸಹಿಸಿದ್ದು ಧೈರ್ಯ. ಬಡವರ ಮನೆಯ ಹುಡುಗಿ ನಾಳೆಯೂ ಶಾಲೆಗೆ ಬರಬೇಕಾದರೆ ಏನು ಬೇಕು ಅಂತ ಕೂತು ಯೋಚಿಸಿದ್ದು ಪಕ್ಕಾ ಶಿಕ್ಷಕಿಯ ಬುದ್ಧಿ.

ಹಳೆಯ ವಾಡೆ ಈಗ ಇಲ್ಲ. ವರ್ಷಾನುಗಟ್ಟಲೆ ಕೋರ್ಟಿನಲ್ಲಿದ್ದು, ಪಾಳುಬಿದ್ದು, 2023ರ ಡಿಸೆಂಬರ್‌ನಲ್ಲಿ ಸ್ಮಾರಕಕ್ಕಾಗಿ ಕೆಡವಿದರು. ಆ ಗೋಡೆಗಳನ್ನು ಉಳಿಸಿಕೊಳ್ಳಬೇಕಿತ್ತು. ದೇಶದ ಎಷ್ಟೋ ಅರಮನೆಗಳನ್ನು ಉಳಿಸಿಕೊಂಡವರಿಗೆ ಒಂದು ಶಾಲೆಯ ಕೋಣೆ ಭಾರವಾಯಿತಾ?

ಅಲ್ಲಿಂದ ಗಂಜ್ ಪೇಟೆಯ ಫುಲೆ ವಾಡೆ. ಈಗ ಆ ಬಡಾವಣೆಗೆ ಮಹಾತ್ಮಾ ಫುಲೆ ಪೇಟೆ ಅಂತಲೇ ಹೆಸರು. ಇಕ್ಕಟ್ಟಾದ ಓಣಿ, ಒಳಗೆ ಹೋದರೆ ಹೆಂಚಿನ ಮನೆ, ಅಂಗಳ, ಬಾವಿ, ಜ್ಯೋತಿರಾವ್ ಅವರ ಸಮಾಧಿ. 1868ರಲ್ಲಿ ಈ ಮನೆಯ ನೀರನ್ನು ಅಸ್ಪೃಶ್ಯರು ಅಂತ ದೂರ ಇಟ್ಟವರಿಗೆ ತೆರೆದರು.

ನಾವು ಅಂಗಳದ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆವು. ದಂಪತಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಆದರೆ ಈ ಮನೆ ಮಕ್ಕಳಿಂದ ತುಂಬಿತ್ತು. ಗರ್ಭಿಣಿಯಾದ ವಿಧವೆಯರು ಮಾನಕ್ಕೆ ಹೆದರಿ ಕೂಸನ್ನು ಕೊಲ್ಲುವ ಅಥವಾ ತಾವೇ ಸಾಯುವ ಕಾಲ ಅದು. 1863ರಲ್ಲಿ ಅವರಿಗಾಗಿ ಇವರು ಆಶ್ರಯ ಶುರುಮಾಡಿದರು. ಬಂದು ಹೆರಿಗೆ ಮಾಡಿಕೊಳ್ಳಿ, ಮಗುವನ್ನು ಬಿಟ್ಟುಹೋದರೂ ನಾವು ನೋಡಿಕೊಳ್ಳುತ್ತೇವೆ ಅಂದರು. ಬಾಣಂತನ, ಎಳೆಗೂಸುಗಳ ಆರೈಕೆ ಸಾವಿತ್ರಿಬಾಯಿಯ ಪಾಲು. ಹಾಗೆ ಬಂದ ಕಾಶಿಬಾಯಿ ಅನ್ನುವ ಬ್ರಾಹ್ಮಣ ವಿಧವೆಯ ಮಗನನ್ನು 1874ರಲ್ಲಿ ದತ್ತು ತೆಗೆದುಕೊಂಡರು. ಅವನೇ ಯಶವಂತ. ಮುಂದೆ ಡಾಕ್ಟರ್ ಆದ.

ಮಗನಿಗೆ ಹೆಣ್ಣು ಸಿಗುವುದು ಕಷ್ಟವಾಯಿತು. ಹುಟ್ಟಿನ ಕಥೆ ಎಲ್ಲರಿಗೂ ಗೊತ್ತಿತ್ತಲ್ಲ! ಕೊನೆಗೆ ಜ್ಯೋತಿರಾವ್ ಜಾತಿ ಅಸಮಾನತೆಯ ವಿರುದ್ಧ ಕಟ್ಟಿದ ಸತ್ಯಶೋಧಕ ಸಮಾಜದ ಕಾರ್ಯಕರ್ತ ಜ್ಞಾನೋಬಾ ಸಸಾಣೆಯವರ ಮಗಳು ರಾಧಾ ಒಪ್ಪಿದಳು. ಮದುವೆಗೆ ಮುಂಚೆಯೇ ಸಾವಿತ್ರಿಬಾಯಿ ಅವಳನ್ನು ಮನೆಗೆ ಕರೆಸಿ ಇಟ್ಟುಕೊಂಡರು. ಹುಡುಗ-ಹುಡುಗಿ ಒಬ್ಬರನ್ನೊಬ್ಬರು ಅರಿಯಲಿ, ಹುಡುಗಿ ಓದಲಿ ಅಂತ. 1889ರ ಫೆಬ್ರವರಿ 4ರಂದು ಪುರೋಹಿತರಿಲ್ಲದೆ ಮದುವೆ ನಡೆಯಿತು. ಎಂಥ ಅತ್ತೆ ಅಂತ ಅಕ್ಕನ ಕಣ್ಣು ತುಂಬಿತು.

ಮರುವರ್ಷ ನವೆಂಬರ್ 28ರಂದು ಜ್ಯೋತಿರಾವ್ ತೀರಿಕೊಂಡರು. ದತ್ತುಮಗನಿಗೆ ಕ್ರಿಯೆಯ ಹಕ್ಕಿಲ್ಲ ಅಂತ ಬಂಧುಗಳು ತಗಾದೆ ತೆಗೆದರು. ಸಾವಿತ್ರಿಬಾಯಿ ತಾವೇ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದರು, ಚಿತೆಗೆ ಬೆಂಕಿ ಕೊಟ್ಟರು. ಆ ಬಳಿಕ ಸತ್ಯಶೋಧಕ ಸಮಾಜದ ಕೆಲಸವನ್ನು ತಾವೇ ಹೆಗಲಿಗೆ ತೆಗೆದುಕೊಂಡರು. 1893ರಲ್ಲಿ ಸಾಸವಡದಲ್ಲಿ ನಡೆದ ಅಧಿವೇಶನಕ್ಕೆ ಅಧ್ಯಕ್ಷರಾದರು.

ಕೊನೆಗೆ ಹಡಪಸರ್, ಮುಂಢವಾ ಕಡೆ ಹೋದೆವು. ಈಗ ಅಲ್ಲಿ ಸಾಫ್ಟ್‌ವೇರ್ ಕಂಪನಿಗಳು, ಮೇಲ್ಸೇತುವೆಗಳು. 1897ರಲ್ಲಿ ಪ್ಲೇಗ್ ಬಂದಾಗ ತಾಯಿ-ಮಗ ಊರ ಹೊರಗೆ ಈ ಕಡೆ ದವಾಖಾನೆ ತೆರೆದಿದ್ದರು. ಮುಂಢವಾದ ದಲಿತ ಹುಡುಗನೊಬ್ಬನಿಗೆ ಪ್ಲೇಗ್ ಗಡ್ಡೆ ಎದ್ದಿದೆ ಅಂತ ಸುದ್ದಿ ಬಂತು. ಅರವತ್ತಾರು ವರ್ಷದ ಸಾವಿತ್ರಿಬಾಯಿ ಹೋಗಿ ಅವನನ್ನು ಬೆನ್ನಿಗೆ ಹಾಕಿಕೊಂಡು ದವಾಖಾನೆಗೆ ತಂದರು. ರೋಗ ಅವರಿಗೂ ತಗುಲಿತು. ಮಾರ್ಚ್ 10ರಂದು ತೀರಿಕೊಂಡರು.

ಈ ದಾರಿಯಲ್ಲಿ ಹೋಗುವವರು ನಾಯಗಾಂವ್‌ಗೆ ಅರ್ಧ ದಿನವನ್ನಾದರೂ ಇಟ್ಟುಕೊಳ್ಳಿ. ಜನವರಿ 3ರಂದು ಅಲ್ಲಿ ದೊಡ್ಡ ಜಾತ್ರೆಯಂತೆ ಜನ ಸೇರುತ್ತಾರೆ, ಶಾಂತವಾಗಿ ನೋಡಬೇಕಾದರೆ ಬೇರೆ ದಿನ ಹೋಗಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಕರೆದುಕೊಂಡೇ ಹೋಗಿ. 1856ರ ಪತ್ರವನ್ನು ಮೊದಲೇ ಓದಿಸಿರಿ.