ಸೀದಾ ಹೋಗುವ ಲೇಸರ್‌ಗೆ ನಾಲ್ಕು ದಿನ ಎಂತಕ್ಕೆ?

ಈ ಪ್ರಶ್ನೆಗೆ ಇನ್ನು ಬಾಯಲ್ಲಿ ಉತ್ತರ ಹೇಳುವುದಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ, ಬೇಕಾದವರು ಓದಿಕೊಳ್ಳಿ.

ಕೊನೆಯ ಸಲ ಕೇಳಿಸಿಕೊಂಡದ್ದು ಉಡುಪಿಯಲ್ಲಿ, ಮದುವೆ ಊಟದಲ್ಲಿ. ಎಲೆಗೆ ಸಾರು ಬಿದ್ದಿತ್ತು, ನಾನು ಅನ್ನಕ್ಕೆ ಕಟ್ಟೆ ಕಟ್ಟುತ್ತಿದ್ದೆ. ಎದುರಿನ ಪಂಕ್ತಿಯಿಂದ ಮಾವ ಕೂಗಿದರು: "ನಿನ್ನೆ ಯಾಕೆ ಬರ್ಲಿಲ್ಲ? ಲೇಸರ್ ಸೀದಾ ಮಾಡ್ಲಿಕ್ಕಾ? ಲೇಸರ್ ಸೀದಾವೇ ಹೋಗುದಲ್ವಾ ಮಾರಾಯ, ಅದಕ್ಕೆ ನಾಲ್ಕು ದಿನ ಎಂತಕ್ಕೆ?" ಪಂಕ್ತಿ ಪೂರಾ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಕಟ್ಟೆ ಒಡೆದು ಸಾರು ಪಲ್ಯದ ಕಡೆ ಹೋಯಿತು.

ಹೌದು ಮಾವ, ಸೀದಾ ಹೋಗುತ್ತದೆ. ಕನ್ನಡಿ ಎತ್ತ ತೋರಿಸಿತೋ ಅತ್ತ ಸೀದಾ, ನನಗೆ ಬೇಕಾದ ಕಡೆಗಲ್ಲ. ಲ್ಯಾಬಿನಲ್ಲಿ ನನ್ನ ಟೇಬಲ್ ಮೇಲೆ ಮೂವತ್ತರ ಹತ್ತಿರ ಕನ್ನಡಿಗಳಿವೆ, ಒಂದೊಂದಕ್ಕೂ ಎರಡೆರಡು ತಿರುಪು. ಹತ್ತಿರ ಒಂದು ಐರಿಸ್, ಅಂದರೆ ನಡುವೆ ತೂತಿರುವ ತಟ್ಟೆ, ದೂರದಲ್ಲಿ ಒಂದು. ಮೊದಲ ಕನ್ನಡಿಯಿಂದ ಕಿರಣವನ್ನು ಹತ್ತಿರದ್ದರ ನಡುವಿಗೆ ತರಬೇಕು, ಎರಡನೆಯದರಿಂದ ದೂರದ್ದಕ್ಕೆ. ದೂರದ್ದು ಸರಿಯಾಯಿತು ಅನ್ನುವಾಗ ಹತ್ತಿರದ್ದು ಜಾರಿರುತ್ತದೆ. ಮತ್ತೆ ಶುರು. ವಾಚು, ಉಂಗುರ ತೆಗೆದಿಟ್ಟು, ಕನ್ನಡಕ ಹಾಕಿ, ಕಣ್ಣು ಕಿರಣದ ಮಟ್ಟಕ್ಕೆ ಬಾರದ ಹಾಗೆ ನಿಂತುಕೊಂಡೇ.

ಇದು ಸುಲಭದ ಭಾಗ.

ಸಣ್ಣ ಬೆಳಕನ್ನು ಜೋರು ಮಾಡುವ ಈ ಯಂತ್ರದ ಹೆಸರು ಆಪ್ಟಿಕಲ್ ಪ್ಯಾರಾಮೆಟ್ರಿಕ್ ಆಂಪ್ಲಿಫೈಯರ್, ನಾವು ಒಪಿಎ ಅನ್ನುತ್ತೇವೆ. ಬಿಬಿಒ ಅನ್ನುವ ಹರಳಿನೊಳಗೆ 800 ನ್ಯಾನೊಮೀಟರ್ ತರಂಗಾಂತರದ ಜೋರು ಪಂಪ್ ಬೆಳಕು 1300ರ ಬಡಪಾಯಿ ಸಿಗ್ನಲ್‌ಗೆ ತನ್ನ ಶಕ್ತಿ ಕೊಡುತ್ತದೆ, ಉಳಿದದ್ದು 2080ರ ಐಡ್ಲರ್ ಅನ್ನುವ ಇನ್ನೊಂದು ಬೆಳಕಾಗಿ ಹೊರಟುಹೋಗುತ್ತದೆ. ಒಂದು ಸಲಕ್ಕೆ ಸಾಲುವುದಿಲ್ಲ. ಅದಕ್ಕೆ ಸಿಗ್ನಲ್ಲನ್ನು ಅದೇ ಹರಳಿಗೆ ಮತ್ತೆ ಮತ್ತೆ ತಿರುಗಿಸಿ ತರುತ್ತೇವೆ, ನಮ್ಮಲ್ಲಿ ಮೂರು ಸಲ. ಬೇರೆ ನಮೂನೆಯ ಆಂಪ್ಲಿಫೈಯರ್, ಟೈಟೇನಿಯಂ ಸಫೈರಿನದ್ದಾದರೆ, ಮಾಡಿನ ಮೇಲಿನ ಟ್ಯಾಂಕಿ ಇದ್ದ ಹಾಗೆ, ಹರಳು ಶಕ್ತಿಯನ್ನು ಸುಮಾರು 3 ಮೈಕ್ರೊಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. ಒಪಿಎ ಬೇಸಿಗೆಯಲ್ಲಿ ಮಂಗಳೂರಿನ ನಳ್ಳಿಗೆ ಬರುವ ತುಂಬೆ ಅಣೆಕಟ್ಟಿನ ನೀರು. ಬರುವಾಗ ಕೊಡ ಹಿಡಿದಿರಬೇಕು, ಇಲ್ಲದಿದ್ದರೆ ಇಲ್ಲ. ಇಲ್ಲಿ ನೀರು ಬರುವುದು 100 ಫೆಮ್ಟೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ, ಅಷ್ಟರಲ್ಲಿ ಬೆಳಕು ಹೋಗುವ ದೂರ 30 ಮೈಕ್ರಾನ್, ನಿಮ್ಮ ತಲೆಕೂದಲಿನ ಅರ್ಧ ದಪ್ಪವೂ ಅಲ್ಲ. ಹಲವು ಮೀಟರ್ ಸುತ್ತಿ ಬಂದ ಎರಡು ಬೆಳಕು ಅಷ್ಟರೊಳಗೆ ಒಟ್ಟಿಗೆ ತಲುಪಬೇಕು, ಒಂದೇ ಜಾಗಕ್ಕೆ, ಸರಿಯಾದ ಕೋನದಲ್ಲಿ, ಅದೂ ಮೂರೂ ಸಲ. ಮೊದಲನೆಯ ಸುತ್ತನ್ನು ಚೂರು ಚಂದ ಮಾಡುವ ಅಂತ ಮುಟ್ಟಿದಿರೋ, ಮೂರನೆಯದು ಸತ್ತಿತು.

ಎಷ್ಟು ದಿನ ಅಂತ ಎಲ್ಲರೂ ಕೇಳುತ್ತಾರೆ. 1300 ಕಣ್ಣಿಗೆ ಕಾಣುವುದೇ ಇಲ್ಲವಲ್ಲ, ಸಿಕ್ಕಿತು ಅಂತ ಹೇಗೆ ಗೊತ್ತಾಗುತ್ತದೆ ಅಂತ ಒಬ್ಬರೂ ಕೇಳಿಲ್ಲ. ಕೇಳಿ, ಪ್ಲೀಸ್. ಹರಳಿನ ಆಚೆ ಒಂದು ಬಿಳಿ ಕಾರ್ಡ್ ಇಟ್ಟು, ದೀಪ ಆರಿಸಿ, ಬೆಳಕಿನ ದಾರಿಯನ್ನು ಉದ್ದಗಿಡ್ಡ ಮಾಡುವ ಡಿಲೇ ಸ್ಟೇಜಿನ ಮೈಕ್ರೊಮೀಟರ್ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಬೇಕು. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಒಮ್ಮೆಗೇ ನೀಲಿಹಸಿರು ಚುಕ್ಕೆಯೊಂದು ಹತ್ತಿಕೊಳ್ಳುತ್ತದೆ. ಪಂಪ್ ಮತ್ತು ಸಿಗ್ನಲ್ ಹರಳಿನಲ್ಲಿ ಒಂದೇ ಕ್ಷಣಕ್ಕೆ ಸಿಕ್ಕಿ, ಚೂರುಪಾರು ಬೆಳಕು ಒಂದರೊಡನೆ ಒಂದು ಕೂಡಿ 495 ನ್ಯಾನೊಮೀಟರ್ ಆಗಿರುತ್ತದೆ. ನಮಗೆ ಬೇಕಾದ ಬೆಳಕಲ್ಲ ಅದು, ದಂಡ. ಆದರೂ ಅದನ್ನು ನೋಡಿದರೆ ನನಗೆ ಈಗಲೂ ಕುಣಿಯುವ ಹಾಗಾಗುತ್ತದೆ.

ಮದುವೆಯ ಹಿಂದಿನ ರಾತ್ರಿ ಒಂಬತ್ತೂವರೆಗೆ ಮೂರನೆಯ ಸುತ್ತಿನ ಚುಕ್ಕೆ ಸಿಕ್ಕಿತ್ತು. ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಕಳೆದು ವಾರ ಆಗಿತ್ತಷ್ಟೇ, ಹೊರಗೆ ಗುಡುಗು. ಫೋಟೋ ತೆಗೆಯುವ ಅಂತ ಮೊಬೈಲ್ ತರಲು ಹೋದೆ, ಕರೆಂಟ್ ಹೋಯಿತು. ಏಸಿ ನಿಂತು ರೂಮು ಬಿಸಿಯಾಯಿತು, ಕನ್ನಡಿಯ ಹಿಡಿಕೆಗಳೆಲ್ಲ ತಮ್ಮ ಪಾಡಿಗೆ ಚೂರುಚೂರು ಜರುಗಿದವು. ಬೆಳಿಗ್ಗೆ ಹೋಗಿ ನೋಡಿದರೆ ಎರಡನೆಯ ಚುಕ್ಕೆಯೂ ಇಲ್ಲ. ಹಾಗೇ ಬಸ್ಸು ಹತ್ತಿ ಉಡುಪಿಗೆ ಬಂದಿದ್ದೆ.

ಪಾಯಸ ಬರುವಾಗ ಮಾವ ಮತ್ತೆ ಕೇಳಿದರು. "ಅಂತೂ ಸೀದಾ ಆಯ್ತಾ?"

"ಆಗಿತ್ತು," ಅಂದೆ. ಬಡಿಸುವವರಿಗೆ ಇನ್ನೊಂದು ಸೌಟು ಹಾಕಲು ಹೇಳಿದೆ.