ಲಂಡನ್ನಿನ ಚರ್ಚು, ಮಸೀದಿಗಳು ಕೂಲಿ ಕೇಳುವ ಬಗೆ

ಪೂರ್ವ ಲಂಡನ್ನಿನ ಕೆನರಿ ವಾರ್ಫ್‌ನ ಬ್ಯಾಂಕ್ ಗೋಪುರಗಳನ್ನು ರಾತ್ರಿಯೆಲ್ಲ ಗುಡಿಸಿ ಒರೆಸುವವರು ಬ್ಯಾಂಕಿನ ನೌಕರರಲ್ಲ, ಗುತ್ತಿಗೆ ಕಂಪನಿಯವರು. ಕೂಲಿ ಸಾಲದು ಎಂದರೆ ಬ್ಯಾಂಕು ಗುತ್ತಿಗೆದಾರನ ಕಡೆ ಬೆರಳು ತೋರಿಸುತ್ತದೆ. ಗುತ್ತಿಗೆದಾರ, ‘ಕಡಿಮೆ ದರ ಹಾಕಿದವನಿಗೇ ಬ್ಯಾಂಕು ಕೆಲಸ ಕೊಡುವುದು, ನಾನೇನು ಮಾಡಲಿ’ ಎನ್ನುತ್ತಾನೆ. ಬೆಂಗಳೂರಿನ ಪೌರಕಾರ್ಮಿಕರ ಗುತ್ತಿಗೆಯ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಂಡನ್ನಿನಲ್ಲಿ ಈ ಗಂಟನ್ನು ಬಿಚ್ಚಿದ್ದು ಯಾವುದೇ ಪಕ್ಷವಲ್ಲ. ಚರ್ಚು, ಮಸೀದಿ, ಶಾಲೆ, ಕಾರ್ಮಿಕ ಸಂಘಗಳನ್ನು ಒಂದೇ ಚಾವಣಿಯಡಿ ಕೂರಿಸಿದ ‘ಟೆಲ್ಕೊ’ ಎಂಬ ಒಕ್ಕೂಟ. 1996ರಲ್ಲಿ ಶುರುವಾದ ಅದು ಇಂದು ಸಿಟಿಜನ್ಸ್ ಯುಕೆ ಎಂಬ ದೊಡ್ಡ ಒಕ್ಕೂಟದ ಭಾಗ.

ಈ ಪದ್ಧತಿಯ ಬೇರು ಅಮೆರಿಕದ ಷಿಕಾಗೊದಲ್ಲಿದೆ. 1939ರಲ್ಲಿ ಅಲ್ಲಿನ ಕಸಾಯಿಖಾನೆಗಳ ಸುತ್ತಲಿನ ಬಡ ಬಡಾವಣೆಯಲ್ಲಿ ಸಾಲ್ ಅಲಿನ್‌ಸ್ಕಿ ಕ್ಯಾಥೊಲಿಕ್ ಚರ್ಚುಗಳನ್ನೂ ಕಾರ್ಮಿಕ ಸಂಘವನ್ನೂ ಜೊತೆಗೂಡಿಸಿದರು. ಒಂಟಿ ಮನುಷ್ಯರನ್ನು ಬೀದಿಯಿಂದ ಕಲೆಹಾಕುವುದಕ್ಕಿಂತ, ವಾರವಾರ ತಾವಾಗಿಯೇ ಸೇರುವ ಜನರಿರುವ ಸಂಸ್ಥೆಗಳನ್ನು ಸೇರಿಸುವುದು ಗಟ್ಟಿ ಎಂಬುದು ಅಲ್ಲಿನ ಅನುಭವ. ಧರ್ಮದ ಕೇಂದ್ರಗಳು ಇದರಲ್ಲಿ ಮುಖ್ಯವಾಗಿರುವುದು ಈ ಕಾರಣಕ್ಕೆ.

ಹೀಗೆ ಜನರನ್ನು ಸಂಘಟಿಸುವ ಕೆಲಸಕ್ಕೆ ಸಂಬಳ ಪಡೆಯುವವರನ್ನು ಆರ್ಗನೈಸರ್ ಎನ್ನುತ್ತಾರೆ. ಅವರ ದಿನಚರಿಯ ಬಹುಪಾಲು ಒಬ್ಬೊಬ್ಬರ ಜೊತೆ ಕೂತು ಮಾತಾಡುವುದರಲ್ಲೇ ಕಳೆಯುತ್ತದೆ. ಒಂದು ಭೇಟಿ ಅರ್ಧ ಗಂಟೆ, ಮುಕ್ಕಾಲು ಗಂಟೆ. ಕೈಯಲ್ಲಿ ಅರ್ಜಿ ನಮೂನೆ ಇರಬಾರದು, ಎದುರಿನವರು ಮಾತಾಡುವಾಗ ಬರೆದುಕೊಳ್ಳಬಾರದು. ಮನೆಯಲ್ಲಿ ಯಾರಿದ್ದಾರೆ, ಏನು ಕೆಲಸ, ಯಾವುದು ನಿದ್ದೆಗೆಡಿಸುತ್ತದೆ, ಯಾವುದಕ್ಕೆ ಸಿಟ್ಟು ಬರುತ್ತದೆ ಎಂದು ಕೇಳಬೇಕು. ಉತ್ತರ ಬಂದ ಮೇಲೆ ‘ಯಾಕೆ’ ಎಂದು ಇನ್ನೊಮ್ಮೆ ಕೇಳಬೇಕು. ಕೇಳಿದಷ್ಟೇ ತಮ್ಮ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಅದು ಪೊಲೀಸ್ ವಿಚಾರಣೆಯಂತಾಗುತ್ತದೆ. ಏಳುವ ಮುಂಚೆ ‘ನಾನು ಇನ್ನು ಯಾರನ್ನು ಕಾಣಬೇಕು’ ಎಂದು ಎರಡು ಹೆಸರು ಪಡೆಯಬೇಕು. ಹೊರಗೆ ಬಂದ ಮೇಲಷ್ಟೇ ಟಿಪ್ಪಣಿ. ಹೊಸಬರು ಇಲ್ಲಿ ಎಡವುವುದು ಒಂದೇ ಕಡೆ: ಮೊದಲ ಭೇಟಿಯಲ್ಲೇ ‘ನಮ್ಮ ಸಭೆಗೆ ಬನ್ನಿ’ ಎನ್ನುತ್ತಾರೆ. ಎದುರಿನವರು ತಲೆಯಾಡಿಸುತ್ತಾರೆ, ಬರುವುದಿಲ್ಲ.

ಅವರಿಗೆ ಕಲಿಸುವ ಮೊದಲ ನಿಯಮ ಕಟ್ಟುನಿಟ್ಟಾದದ್ದು. ಜನ ತಾವೇ ಮಾಡಬಲ್ಲ ಕೆಲಸವನ್ನು ಅವರ ಪರವಾಗಿ ಮಾಡಬಾರದು. ಹಾಗಾಗಿ ಆರ್ಗನೈಸರ್ ವೇದಿಕೆ ಹತ್ತುವುದಿಲ್ಲ, ಪತ್ರಕರ್ತರ ಮುಂದೆ ನಿಲ್ಲುವುದಿಲ್ಲ. ನಮ್ಮ ಮಠ ಮಂದಿರಗಳ ದಾಸೋಹ, ಉಚಿತ ಹಾಸ್ಟೆಲ್ಲು ಕಂಡು ಬೆಳೆದವರಿಗೆ ಇದು ಮೊದಲು ಒರಟು ಎನಿಸಬಹುದು. ಇಲ್ಲಿನ ಚರ್ಚು, ಗುರುದ್ವಾರಗಳೂ ಊಟ ಹಾಕುತ್ತವೆ, ಅದನ್ನು ಯಾರೂ ನಿಲ್ಲಿಸಿಲ್ಲ. ಆದರೆ ದಿನಕ್ಕೆರಡು ಪಾಳಿ ದುಡಿಯುವವರು ಅನ್ನಕ್ಕೆ ಸಾಲಿನಲ್ಲಿ ನಿಂತಿದ್ದರೆ, ಬಡಿಸುವವರು ಅವರ ಕೂಲಿ ಎಷ್ಟು ಎಂದು ಕೇಳಲೇಬೇಕು ಎಂಬುದು ಈ ಕೆಲಸದ ಹಟ. ಆ ಹಟ ಸರಿ ಎಂದೇ ನಮ್ಮ ನಂಬಿಕೆ.

ಟೆಲ್ಕೊದ ಕೂಲಿ ಹೋರಾಟ ಹುಟ್ಟಿದ್ದೂ ಇಂಥ ಮಾತುಕತೆಗಳಿಂದ. ಕನಿಷ್ಠ ಕೂಲಿಯ ಎರಡು ಕೆಲಸ ಮಾಡಿದರೂ ಸಾಲದು, ಮಕ್ಕಳ ಮುಖ ನೋಡಲು ಹೊತ್ತಿಲ್ಲ ಎಂದು ತಂದೆತಾಯಂದಿರು ಹೇಳಿದರು. ‘ಬಡತನ’ ಎನ್ನುವುದು ಸಮಸ್ಯೆ, ಅದನ್ನು ಹಿಡಿದುಕೊಂಡು ಯಾರ ಬಾಗಿಲನ್ನೂ ತಟ್ಟಲಾಗುವುದಿಲ್ಲ. ಇಂಥ ಕಟ್ಟಡದ ಸ್ವಚ್ಛತಾ ಕೆಲಸಗಾರರಿಗೆ ಗಂಟೆಗೆ ಇಷ್ಟು ಪೌಂಡ್, ಇಂಥ ತಾರೀಖಿನಿಂದ ಎಂದಾಗ ಅದು ಬೇಡಿಕೆ. 1999ರಲ್ಲಿ ಗಂಟೆಗೆ 3.60 ಪೌಂಡಿನಿಂದ ದೇಶದ ಕನಿಷ್ಠ ಕೂಲಿ ಜಾರಿಗೆ ಬಂದಿತ್ತು. ಬಾಡಿಗೆ, ದಿನಸಿ, ಬಸ್ಸು, ಮಕ್ಕಳ ಖರ್ಚು ಲೆಕ್ಕ ಹಾಕಿಸಿ, ಬದುಕಲು ಬೇಕಾದ ಕೂಲಿ ಬೇರೆಯೇ ಎಂದು ತೋರಿಸಿ 2001ರಲ್ಲಿ ‘ಲಿವಿಂಗ್ ವೇಜ್’ ಅಭಿಯಾನ ಶುರುವಾಯಿತು.

ಆಮೇಲೆ ಗೋಡೆಗೆ ದೊಡ್ಡ ಕಾಗದ ಅಂಟಿಸಿ ನಕ್ಷೆ ಬರೆಯುತ್ತಾರೆ. ನಡುವೆ, ‘ಹೂಂ’ ಎನ್ನುವ ಅಧಿಕಾರವಿರುವ ಒಬ್ಬ ವ್ಯಕ್ತಿಯ ಹೆಸರು. ಸುತ್ತ, ಆತ ಯಾರ ಮಾತು ಕೇಳುತ್ತಾನೆ, ಯಾರ ಮುಂದೆ ಮುಖಭಂಗಕ್ಕೆ ಅಂಜುತ್ತಾನೆ, ಅವರಲ್ಲಿ ನಮ್ಮವರಿಗೆ ಪರಿಚಯದವರು ಯಾರು ಎಂಬುದು. ಕೂಲಿಯ ವಿಷಯದಲ್ಲಿ ನಕ್ಷೆಯ ನಡುವೆ ಬಂದದ್ದು ಗುತ್ತಿಗೆದಾರನಲ್ಲ, ಬ್ಯಾಂಕಿನ ಅಧ್ಯಕ್ಷ. ಬ್ಯಾಂಕಿನ ಷೇರುದಾರರ ವಾರ್ಷಿಕ ಸಭೆಯಲ್ಲಿ ಷೇರು ಇದ್ದವರು ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. 2003ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಆ ಸಭೆಯಲ್ಲಿ, ಅಧ್ಯಕ್ಷರ ಕಚೇರಿಯನ್ನೇ ರಾತ್ರಿ ಶುಚಿ ಮಾಡುತ್ತಿದ್ದ ಕೆಲಸಗಾರರೊಬ್ಬರು ಎದ್ದು ನಿಂತು ಅವರನ್ನೇ ನೇರವಾಗಿ ಕೂಲಿಯ ಬಗ್ಗೆ ಕೇಳಿದರು. ಮರುವರ್ಷ ಬ್ಯಾಂಕು ದಾರಿಗೆ ಬಂತು. 2005ರಲ್ಲಿ ಲಂಡನ್ ಮೇಯರ್ ಕಚೇರಿಯೇ ವರ್ಷವರ್ಷ ಈ ದರ ಲೆಕ್ಕ ಹಾಕತೊಡಗಿತು. 2011ರಿಂದ ಇದಕ್ಕೊಂದು ಪ್ರತ್ಯೇಕ ಪ್ರತಿಷ್ಠಾನವಿದೆ. ಸ್ವಇಚ್ಛೆಯಿಂದ ಒಪ್ಪಿ ಈ ದರ ಕೊಡುವ ಸಂಸ್ಥೆಗಳು 15,000 ದಾಟಿವೆ.

ಹೊರಗಿನವರಿಗೆ ಕಾಣುವುದು ದೊಡ್ಡ ಸಭೆ ಮಾತ್ರ. 2010ರ ಸಾರ್ವತ್ರಿಕ ಚುನಾವಣೆಗೆ ಮೂರು ದಿನ ಇರುವಾಗ ಮೂರು ಮುಖ್ಯ ಪಕ್ಷಗಳ ನಾಯಕರಾದ ಬ್ರೌನ್, ಕ್ಯಾಮರಾನ್, ಕ್ಲೆಗ್ ಮೂವರೂ ವೆಸ್ಟ್‌ಮಿನ್‌ಸ್ಟರಿನ ಮೆಥಡಿಸ್ಟ್ ಸೆಂಟ್ರಲ್ ಹಾಲ್‌ನಲ್ಲಿ ಸಿಟಿಜನ್ಸ್ ಯುಕೆ ಜನರ ಮುಂದೆ ಬಂದು ನಿಂತಿದ್ದರು. ಇಂಥ ಸಭೆ ನಡೆಯುವ ಬಗೆ ನೋಡುವಂಥದ್ದು. ಮೊದಲು ಹಾಜರಿ: ಒಂದೊಂದು ಚರ್ಚು, ಮಸೀದಿ, ಶಾಲೆಯವರು ಎದ್ದು ‘ನಾವು ಇಷ್ಟು ಜನ ಬಂದಿದ್ದೇವೆ’ ಎಂದು ಕೂಗುತ್ತಾರೆ, ಅತಿಥಿಗೆ ಅದು ಕೇಳಿಸಬೇಕು. ನಂತರ ಎರಡು ಮೂರು ನಿಮಿಷದ ಸ್ವಂತ ಅನುಭವದ ಮಾತುಗಳು, ಗಡಿಯಾರ ಹಿಡಿದು ಮುಂಚೆಯೇ ಅಭ್ಯಾಸ ಮಾಡಿದಂಥವು. ಆಮೇಲೆ ಅತಿಥಿಗೆ ಪ್ರಶ್ನೆ: ಮಾಡುತ್ತೀರಾ, ಇಲ್ಲವಾ? ಪ್ರಶ್ನೆಗಳನ್ನು ವಾರಗಳ ಮುಂಚೆಯೇ ಅವರ ಕಚೇರಿಗೆ ಕಳಿಸಿ ಚೌಕಾಸಿ ಮುಗಿಸಿರುತ್ತಾರೆ. ದಿಢೀರನೆ ಕೇಳಿದರೆ ಸಿಗುವುದು ‘ಪರಿಶೀಲಿಸುತ್ತೇವೆ’ ಮಾತ್ರ. ಅತಿಥಿ ಭಾಷಣಕ್ಕೆ ಇಳಿದರೆ ಮಣಿಯುವುದು ಸಭೆ ನಡೆಸುವವರ ದೊಡ್ಡ ಸೋಲು. ನಯವಾಗಿ ತಡೆದು ‘ಹಾಗಾದರೆ ಉತ್ತರ ಹೌದು ತಾನೇ?’ ಎಂದು ಕೇಳುವ ಎದೆಗಾರಿಕೆ ಬೇಕು. ಅನೇಕ ಸಲ ಆ ಜಾಗದಲ್ಲಿ ನಿಲ್ಲುವುದು ಶಾಲಾ ವಿದ್ಯಾರ್ಥಿನಿ. ಮುಗಿದ ಕೂಡಲೇ, ಕುರ್ಚಿ ಮಡಚುವ ಮುಂಚೆ, ಮುಖ್ಯ ತಂಡ ಒಂದು ಮೂಲೆಯಲ್ಲಿ ಸೇರಿ ಏನು ಕೆಟ್ಟಿತು, ಯಾರು ಒಪ್ಪಿದ ಕೆಲಸ ಮಾಡಲಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತದೆ.

ಜನ ಸೇರಿಸುವುದಕ್ಕೂ ಲೆಕ್ಕವಿದೆ. ಪ್ರಾರ್ಥನೆಯ ಕೊನೆಗೆ ‘ಎಲ್ಲರೂ ಬನ್ನಿ’ ಎಂದು ಮೈಕಿನಲ್ಲಿ ಹೇಳಿದರೆ ಬರುವವರು ಬೆರಳೆಣಿಕೆ. ಒಬ್ಬೊಬ್ಬರೂ ಹತ್ತು ಹೆಸರು ಬರೆದು, ತಾವೇ ಕೇಳಿ, ಹಿಂದಿನ ದಿನ ಮತ್ತೆ ಫೋನ್ ಮಾಡಬೇಕು. ಆಗಲೂ ‘ಬರುತ್ತೇನೆ’ ಎಂದವರಲ್ಲಿ ಅರ್ಧ ಬಂದರೆ ಪುಣ್ಯ, ಆದ್ದರಿಂದ ಇನ್ನೂರು ಬೇಕಿದ್ದರೆ ನಾನೂರರ ಪಟ್ಟಿ. ರಂಜಾನ್ ಇಫ್ತಾರಿನ ಹೊತ್ತಿಗೋ ಶುಕ್ರವಾರ ಸಂಜೆ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುರುವಾಗುವ ಹೊತ್ತಿಗೋ ಸಭೆ ಇಟ್ಟರೆ ಒಂದಿಡೀ ಸಮುದಾಯ ಹೊರಗುಳಿಯುತ್ತದೆ. ಊಟ ಇಡುವುದಾದರೆ ಸಸ್ಯಾಹಾರವೇ ಸುಲಭ, ಎಲ್ಲರೂ ತಿನ್ನಬಹುದು.

ಸದಸ್ಯ ಸಂಸ್ಥೆಗಳು ವರ್ಷಕ್ಕಿಷ್ಟು ಚಂದಾ ಕಟ್ಟುತ್ತವೆ. ಸರ್ಕಾರದ ದುಡ್ಡಿನಲ್ಲಿ ಬದುಕಿದರೆ ನಾಳೆ ಅದೇ ಸರ್ಕಾರದ ಎದುರು ನಿಲ್ಲುವುದು ಕಷ್ಟ. ದತ್ತಿ ಸಂಸ್ಥೆಗಳು ಬೇಡಿಕೆ ಇಡಬಹುದು, ಪಕ್ಷದ ಪರ ನಿಲ್ಲುವಂತಿಲ್ಲ ಎನ್ನುತ್ತದೆ ಇಲ್ಲಿನ ಕಾನೂನು. ಚುನಾವಣೆಯ ಹೊತ್ತಿನಲ್ಲಿ ಒಬ್ಬ ಅಭ್ಯರ್ಥಿಯನ್ನಷ್ಟೇ ಕರೆಯುವುದೂ ತಪ್ಪಾಗುತ್ತದೆ. ಧರ್ಮಗಳ ನಡುವೆ ಒಮ್ಮತವಿಲ್ಲದ ವಿಷಯಗಳನ್ನು ಕಾರ್ಯಸೂಚಿಗೆ ತರುವುದಿಲ್ಲ. ಅದು ಹೇಡಿತನ ಎನ್ನುವವರಿದ್ದಾರೆ. ಕೂಲಿ ಗೆದ್ದದ್ದು ಆ ಸಂಯಮದಿಂದಲೇ ಎಂಬುದು ನಮ್ಮ ಅಭಿಪ್ರಾಯ.

ಹೆಚ್ಚು ಕಡೆ ಕೆಡುವುದು ಪಾದ್ರಿಯೋ ಇಮಾಮರೋ ಒಬ್ಬರೇ ಉತ್ಸಾಹದಿಂದ ಸಹಿ ಹಾಕಿದಾಗ. ಅವರಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ಹೊಸಬರಿಗೆ ಈ ಚಂದಾ ಯಾಕೆಂದೇ ತಿಳಿಯದು, ಸದಸ್ಯತ್ವ ಬಿದ್ದುಹೋಗುತ್ತದೆ. ಐದಾರು ಸಾಮಾನ್ಯ ಸದಸ್ಯರ ತಂಡ ಕಟ್ಟುವ ಮುಂಚೆ ಸದಸ್ಯತ್ವ ಕೊಡಬಾರದು.

ಊರಿನಿಂದ ಓದಲು, ಆರೈಕೆ ಕೆಲಸಕ್ಕೆ ಬಂದವರು ಇಂಥ ಸಭೆಗಳಿಗೆ ಹೋಗಬಹುದು, ಮಾತಾಡಲೂಬಹುದು. ಆದರೆ ವೀಸಾ ಒಬ್ಬ ಮಾಲೀಕನಿಗೆ ಗಂಟು ಬಿದ್ದಿದ್ದರೆ ಆತನ ವಿರುದ್ಧ ಹೆಸರು ಹೇಳಿ ಸಾಕ್ಷಿ ನುಡಿಯುವ ಮುಂಚೆ ವಲಸೆ ವಕೀಲರನ್ನು ಕೇಳಿ. ನಿಮ್ಮ ಅನುಭವವನ್ನು ನಿಮ್ಮ ಒಪ್ಪಿಗೆ ಪಡೆದು, ಹೆಸರಿಲ್ಲದೆ, ಬೇರೆಯವರಿಂದ ಓದಿಸುವ ಪದ್ಧತಿ ಇದೆ. ಅವಸರ ಮಾಡುವ ಆರ್ಗನೈಸರ್ ಸಿಕ್ಕರೆ ಇಲ್ಲ ಎನ್ನಿ.

ವೇದಿಕೆಯ ಮೇಲೆ ಸಿಕ್ಕ ‘ಹೌದು’ ಅರ್ಧ ಗೆಲುವು. ವಾರದೊಳಗೆ ಅದನ್ನು ಪತ್ರದಲ್ಲಿ ಬರೆದು ಕಳಿಸಿ, ಮುಂದಿನ ಭೇಟಿಯ ದಿನ ಗೊತ್ತು ಮಾಡಬೇಕು. ಗುತ್ತಿಗೆ ನವೀಕರಣದ ತಾರೀಖು ತಿಳಿದಿರಬೇಕು, ಹೆಚ್ಚಳ ಅನೇಕ ಸಲ ಬರುವುದು ಹೊಸ ಗುತ್ತಿಗೆಯೊಂದಿಗೇ. ಲಿವಿಂಗ್ ವೇಜ್‌ನ ಹೊಸ ದರ ಅಕ್ಟೋಬರಿನಲ್ಲಿ ಘೋಷಣೆಯಾಗುತ್ತದೆ, ಮುಂದಿನ ಮೇ 1ರೊಳಗೆ ಕೊಡಬೇಕು. 2024ರ ಅಕ್ಟೋಬರಿನಲ್ಲಿ ಘೋಷಣೆಯಾದ ಲಂಡನ್ ದರ ಗಂಟೆಗೆ 13.85 ಪೌಂಡ್ ಇತ್ತು. 2025ರ ಏಪ್ರಿಲ್‌ನಲ್ಲಿ ಕಾನೂನಿನ ಕನಿಷ್ಠ ಕೂಲಿ 12.21 ಆಯಿತು. ವಾರಕ್ಕೆ 40 ಗಂಟೆ ದುಡಿಯುವವರಿಗೆ ಆಗಿನ ವ್ಯತ್ಯಾಸ 65.60 ಪೌಂಡ್. ಹಾಗಾಗಿ ಮೇ ತಿಂಗಳ ಸಂಬಳದ ಚೀಟಿಯಲ್ಲಿ ಗಂಟೆಯ ದರ ಏನಿದೆ ಎಂದು ಐದಾರು ಕೆಲಸಗಾರರನ್ನಾದರೂ ಕೇಳಿ ನೋಡುವ ಕೆಲಸ ತಂಡದಲ್ಲಿ ಒಬ್ಬರ ಹೆಸರಿಗೆ ಬರೆದಿರಬೇಕು.